ಕೋವಿಯ ಮೇಲಿನ ದೀರ್ಘ

ಮದ್ರಾಸು ಪ್ರಾಂತ್ಯದ ಕಾಲದ ಲೈಸೆನ್ಸ್ ಬದಲಿಸಲು ನಾಳೆ ಬಂಟ್ವಾಳಕ್ಕೆ ಒಯ್ಯಬೇಕಾಗಿದ್ದ ಹಳೆಯ ಜೋಡುನಳಿಗೆ ಕೋವಿಯ ಮರದ ಹಿಡಿಗೆ ನೀಲಾವತಿ ತೆಂಗಿನೆಣ್ಣೆ ಸವರಿ ಉಜ್ಜುತ್ತಿದ್ದಳು. ಹಿಡಿಯ ಮೇಲೆ ‘ಬಾವ’ ಎಂದು ಕೆತ್ತಿತ್ತು. ತೀರಿಹೋದ ಭಾವನೇ ಅದನ್ನು ಕೆತ್ತಿದ್ದೆಂದು ಗಂಡ ಚಿನ್ನಯ್ಯ ಎಲ್ಲರಿಗೂ ಹೇಳುತ್ತಿದ್ದ. ಅಕ್ಕನ ಗಂಡನ ನೆನಪಿಗೆ ಅವನಲ್ಲಿ ಉಳಿದದ್ದು ಆ ಕೋವಿಯೊಂದೇ.

“ನೋಡಿ, ಯಾರಾದರೂ ತನ್ನನ್ನು ತಾನೇ ಭಾವ ಅಂತ ಕರ್ಕೊಳ್ತಾರಾ?”

“ರಾತ್ರಿಶಾಲೆಗೆ ಹೋದ ಮೇಲೆ ನಿನ್ನ ಕಾಟ ಜಾಸ್ತಿ ಆಯ್ತು ಮಾರಾಯ್ತಿ,” ಎಂದು ಚಿನ್ನಯ್ಯ ನಕ್ಕ.

ನೀಲಾವತಿ ಪಿನ್ನಿನಿಂದ ಕೊನೆಯ ಅಕ್ಷರದ ಪಕ್ಕದ ಕೊಳೆ ಕೆರೆದಳು. ಎಣ್ಣೆಜಿಡ್ಡಿನಲ್ಲಿ ಮುಚ್ಚಿಹೋಗಿದ್ದ ದೀರ್ಘವೊಂದು ಹೊರಬಂತು. “ಇದು ಭಾವ ಅಲ್ಲ. ಬಾವಾ. ಹೆಸರು ಇದು.”

ಚಿನ್ನಯ್ಯ ಕನ್ನಡಕ ಹುಡುಕಿದ. ಬೆಳುವಾಯಿಯ ಸೈನಬ ಎಂಬವಳು ಹೋದ ವರ್ಷವೇ ಅವನಿಗೆ ಕಾಗದ ಬರೆದಿದ್ದಳು: ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಹೆಸರಾಗಿದ್ದ ತಂದೆ ಬಾವಾ ಅವರಿಗೆ ಈಗ ಕಣ್ಣು ಕಾಣುವುದಿಲ್ಲ, ಹಿಂದೆ ಮಾರಿದ ಕೋವಿಯನ್ನು ಒಮ್ಮೆ ಮುಟ್ಟುವ ಆಸೆ, ಅದು ನಿಮ್ಮಲ್ಲಿ ಉಂಟೇ? ಭಾವನ ಕೋವಿಯನ್ನು ಇನ್ನೊಬ್ಬರದ್ದು ಎನ್ನಲು ಮನಸ್ಸಾಗದೆ ಅವನು ಉತ್ತರವನ್ನೇ ಬರೆದಿರಲಿಲ್ಲ.

ಅವನು ಆ ದೀರ್ಘದ ಮೇಲೆ ಹೆಬ್ಬೆರಳು ಆಡಿಸಿದ. “ಭಾವ ಇದನ್ನು ಅವರಿಂದಲೇ ತೆಗೊಂಡದ್ದೋ ಏನೋ. ಆ ಸೈನಬಳಿಗೆ ನೀನೇ ಬರಿ. ತಂದೆಯನ್ನು ಕರ್ಕೊಂಡು ಬರ್ಲಿಕ್ಕೆ ಹೇಳು.”

ನೀಲಾವತಿ ನಿಧಾನವಾಗಿ ಬರೆದಳು. ಹೆಸರಿಗೆ ದೀರ್ಘ ಹಾಕಿದ್ದಾಳೋ ಎಂದು ಬಗ್ಗಿ ನೋಡಿದ ಚಿನ್ನಯ್ಯ, ಕಾಗದವನ್ನು ವಾಮದಪದವಿನ ಟಪಾಲು ಡಬ್ಬಿಗೆ ತಾನೇ ಹಾಕಿ ಬಂದ.