ಅರ್ಧ ನಿಮಿಷ

ಹೋದ ವರ್ಷ ಬಡ ಹೆಂಗಸರಿಗೆ ಹೊಲಿಗೆ ಯಂತ್ರ ಹಂಚುವ ಸಮಾರಂಭದಲ್ಲಿ ಫೋಟೋಗ್ರಾಫರ್ ಗದಿಗೆಪ್ಪನ ಮರ್ಯಾದೆ ಹೋಗಿತ್ತು. ಒಮ್ಮೆ ಮಿಂಚಿದ ಅವನ ಫ್ಲಾಶ್ ಮತ್ತೆ ಚಾರ್ಜ್ ಆಗಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಅಲ್ಲಿಯವರೆಗೂ ಸಂಘದ ಅಧ್ಯಕ್ಷರು ಯಂತ್ರದ ಒಂದು ತುದಿ ಹಿಡಿದು ನಗುತ್ತಲೇ ನಿಲ್ಲಬೇಕಿತ್ತು.

"ಮುಂದಿನ ಸಲ ಈ ಡಬ್ಬಾ ತರಬ್ಯಾಡ" ಎಂದು ಎಲ್ಲರೆದುರು ಗದರಿದ್ದರು.

ಆ ಮಾತು ಅವನಿಗೆ ನಾಟಿತ್ತು. ಫ್ಲಾಶ್ ಬಿಚ್ಚಿ, ವಿದ್ಯುತ್ತು ಕೂಡಿಡುವ ಹಳೆಯ ಕಂಡೆನ್ಸರ್ ಕಿತ್ತುಹಾಕಿ, ಸರ್ಕ್ಯೂಟನ್ನೇ ಹೊಸದಾಗಿ ಕಟ್ಟಿದ. ಈಗ ಎರಡು ಎಣಿಸುವಷ್ಟರಲ್ಲಿ ಅದರ ಕೆಂಪು ದೀಪ ಹತ್ತುತ್ತಿತ್ತು.

ಈ ವರ್ಷ ಅವನ ಕಣ್ಣೆಲ್ಲ ಆ ಕೆಂಪು ದೀಪದ ಮೇಲೇ ಇತ್ತು. ಹನ್ನೆರಡು ಹೆಂಗಸರ ಫೋಟೋ ಐದೇ ನಿಮಿಷದಲ್ಲಿ ಮುಗಿಯಿತು. ಅಧ್ಯಕ್ಷರು ಬೆನ್ನು ತಟ್ಟಿದರು.

"ಈಗ ಆತು ನೋಡು ಕೆಲಸ."

ವೇದಿಕೆ ಇಳಿಯುವಾಗ ಕಾಶವ್ವ ಅವನನ್ನು ತಡೆದಳು. ಹೋದ ವರ್ಷದ ಫೋಟೋದಲ್ಲೂ ಇದ್ದವಳು.

"ಇದನ್ಯಾಕ ರಿಪೇರಿ ಮಾಡಿದ್ಯೋ ಅಣ್ಣಾ?"

"ಚಲೋನ ಆತಲ್ಲ ಯವ್ವಾ. ಹೋದ ವರ್ಷ ಅಷ್ಟು ಭಾರ ಹಿಡಕೊಂಡು ನಿಂತು ನಿಮ್ಮ ಕೈ ಸೋತಿದ್ವು."

"ಸೋತ್ರ ಸೋಲ್ತಿದ್ವು. ಆ ಅರ್ಧ ನಿಮಿಷದಾಗ ನಾ ಒಂದ್ಸಲ ಚಕ್ರ ತಿರುವಿ ನೋಡಿದ್ದೆ."

ಗದಿಗೆಪ್ಪ ನಕ್ಕ. "ಒಂದ್ಸಲ ಯಾಕ? ಮನ್ಯಾಗ ದಿನಾ ತಿರುವತಿಯಲ್ಲ."

ಕಾಶವ್ವ ಅವನ ಬೆನ್ನ ಹಿಂದೆ ಕೈ ತೋರಿಸಿದಳು. ಅಲ್ಲಿ ಅಧ್ಯಕ್ಷರ ಡ್ರೈವರ್, ಹನ್ನೆರಡೂ ಮಂದಿಗೆ ಕೊಟ್ಟಿದ್ದ ಒಂದೇ ಯಂತ್ರವನ್ನು ಒರೆಸಿ, ಮತ್ತೆ ಜೀಪಿಗೆ ಏರಿಸುತ್ತಿದ್ದ.