ಉಣ್ಣೆಯ ಚೆಂಡು

ಎರಡು ಎಸೆತ ಗುರಿ ತಪ್ಪಿದ್ದವು. ಉಳಿದದ್ದು ಕೊನೆಯದೊಂದೇ. ಹೊನ್ನೂರಮ್ಮ ಚೆಂಡನ್ನು ಅಂಗೈಯಲ್ಲಿ ಹೊರಳಿಸುತ್ತ, ಎದುರಿಗೆ ಪೇರಿಸಿಟ್ಟಿದ್ದ ಲಗೋರಿ ಕಲ್ಲುಗಳನ್ನೇ ದಿಟ್ಟಿಸಿದಳು. ಮಹಾಯುದ್ಧ ಶುರುವಾದಾಗಿನಿಂದ ಜಗಳೂರಿನ ಅಂಗಡಿಗಳಲ್ಲಿ ರಬ್ಬರ್ ಚೆಂಡು ಸಿಗುತ್ತಿರಲಿಲ್ಲ. ಇದು ಕುರಿಯುಣ್ಣೆಗೆ ಹಳೇ ಸೀರೆ ಸುತ್ತಿ ಅವಳೇ ಹೊಲಿದದ್ದು.

"ಹೋದ ಸಲದಂಗೆ ಜೋರಾಗಿ ಬೀಸಬ್ಯಾಡ ಕಣೇ!" ಹಿಂದಿನಿಂದ ಅವಳದೇ ಗುಂಪಿನ ಗಿಡ್ಡಮ್ಮ ಕೂಗಿದಳು. "ಕಲ್ಲು ಆರಿಸಾಕೆ ಶೇಂಗಾ ಹೊಲಕ್ಕೆ ಇಳೀಬೇಕಾಗಿತ್ತು!"

ಹೊನ್ನೂರಮ್ಮನ ಕಿವಿ ಬಿಸಿಯಾಯಿತು. ಹೋದ ಸಲದ ಆಟದಲ್ಲಿ ಅವಳ ಹೊಡೆತಕ್ಕೆ ಕಲ್ಲುಗಳು ದಿಕ್ಕಾಪಾಲಾಗಿದ್ದವು. ಅವನ್ನು ಮತ್ತೆ ಪೇರಿಸುವಷ್ಟರಲ್ಲಿ ಎದುರಾಳಿಗಳು ಚೆಂಡಿನಿಂದ ಹೊಡೆದು ಇವರನ್ನೆಲ್ಲ ಆಟದಿಂದ ಹೊರಗಟ್ಟಿದ್ದರು. ಆಮೇಲೆ ಕುರಿ ಮೇಯಿಸುವಾಗಲೆಲ್ಲ ತೋಳು ಊದುವಷ್ಟು ಎಸೆದು ಎಸೆದು ಗುರಿ ಕಲಿತಿದ್ದಳು. ಆದರೂ ಇವತ್ತು ಹೆದರಿ ಮೆಲ್ಲಗೆ ಎಸೆದು, ಎರಡೂ ಸಲ ಚೆಂಡು ನಡುದಾರಿಯಲ್ಲೇ ಬಿದ್ದಿತ್ತು.

ದಾರಿ ತಪ್ಪಿದ ಕುರಿಗೆ ಕಲ್ಲು ಬೀಸುವಾಗ ಅಜ್ಜ ಹೇಳುತ್ತಿದ್ದದ್ದು ನೆನಪಾಯಿತು: "ಅದಕ್ಕೆ ಹೊಡೀಬ್ಯಾಡವ್ವ. ಮೂತಿ ಸವರಿಕೊಂಡು ಹೋಗಂಗೆ ಎಸಿ, ತಾನೇ ತಿರುಗ್ತತೆ." ಇಷ್ಟು ದಿನ ಕುರಿ ಕಾಯುವಾಗ ಅವಳು ಅಳುಕಿಲ್ಲದೆ ಮಾಡುತ್ತಿದ್ದದ್ದೂ ಅದನ್ನೇ.

ಮೇಲಿನ ಕಲ್ಲನ್ನೇ ತನ್ನ ತುಂಟ ಟಗರಿನ ಮೂತಿಯೆಂದು ಬಗೆದು ಕೈ ಬೀಸಿದಳು. ಚೆಂಡು ಕಲ್ಲನ್ನು ಸವರಿಕೊಂಡು ದೂರ ಹಾರಿತು. ಮೇಲಿನ ಎರಡೇ ಕಲ್ಲು ಜಾರಿ, ಬುಡದಲ್ಲೇ ಬಿದ್ದವು. ಎದುರಾಳಿಗಳು ಚೆಂಡಿನ ಹಿಂದೆ ಓಡಿದರು. ಅವರು ಅದನ್ನು ಎತ್ತಿಕೊಂಡು ತಿರುಗುವಷ್ಟರಲ್ಲಿ ಹೊನ್ನೂರಮ್ಮ ಎರಡೂ ಕಲ್ಲನ್ನು ಮೇಲಿಟ್ಟು, ಊರಿಗೇ ಕೇಳುವಂತೆ ಕೂಗಿದ್ದಳು: "ಲಗೋರಿ!"