ಗಿನಿ ಕೋಳಿಗೆ ಅವ್ವನ ಕಾವು

ಬೈಗುಳದ ಬಿಸಿಗೆ ಮಗಳು ಗಂಗೂಳ ಅಂಗೈಯಲ್ಲಿ ಬೊಕ್ಕೆ ಎದ್ದ ದಿನ, ಇನ್ನೆಂದೂ ಅವಳ ಮೇಲೆ ರೇಗುವುದಿಲ್ಲವೆಂದು ಸಾವಂತ್ರಿ ಮಾತು ಕೊಟ್ಟಿದ್ದಳು. ಅದಾಗಿ ಐದು ವರ್ಷ. ಗಂಡನ ಚರ್ಮ ದಪ್ಪವಿದ್ದುದರಿಂದ ಅವನಿಗೆ ಅಂಥ ಮಾತೇನೂ ಕೊಟ್ಟಿರಲಿಲ್ಲ.

ಮನುಷ್ಯರ ಸಿಟ್ಟು ಮೈಯಿಂದ ನಿಜವಾದ ಬಿಸಿಯಾಗಿ ಹೊಮ್ಮತೊಡಗಿದ ಮೇಲೆ ಊರಿನಲ್ಲಿ ಯಾರೂ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಕೊಳ್ಳುತ್ತಿರಲಿಲ್ಲ. ಗಂಗೂ ಆಸೆಪಟ್ಟು ತಂದ ಹನ್ನೆರಡು ಗಿನಿ ಕೋಳಿ ಮೊಟ್ಟೆಗಳ ಬುಟ್ಟಿ ಸಾವಂತ್ರಿಯ ಮಡಿಲಲ್ಲೇ ಇತ್ತು. ಇಪ್ಪತ್ತೇಳು ದಿನ ಗಂಡ ಮಲ್ಲೇಶಿ ಹಾಲು ಉಕ್ಕಿಸಿದ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದ. ಬುಟ್ಟಿಯ ಥರ್ಮಾಮೀಟರು ಮೂವತ್ತೇಳೂವರೆಯಿಂದ ಕದಲಲಿಲ್ಲ.

ಮರಿ ಹೊರಬರುವ ದಿನ ಹೆಂಡತಿಗೆ ತ್ರಾಸಾಗಬಾರದೆಂದು ಮಲ್ಲೇಶಿ ಪಾತ್ರೆ ತೊಳೆದು, ರೊಟ್ಟಿ ಬಡಿದ. ಮಧ್ಯಾಹ್ನಕ್ಕೆ ಕಾವು ಮೂವತ್ತೈದಕ್ಕಿಳಿಯಿತು. ಚಿಪ್ಪಿನಿಂದ ಇಣುಕಿದ್ದ ಕೊಕ್ಕೊಂದು ಅಲ್ಲಾಡುವುದನ್ನು ನಿಲ್ಲಿಸಿತು.

“ಇವತ್ತ ಯಾಕ್ರಿ ಇಷ್ಟ ಶಾಣ್ಯಾ ಆದ್ರಿ? ಒಂದ್ ಗ್ಲಾಸರ ಒಡೀರಿ!”

ಅವನು ಒಡೆದ.

“ಕೈಗೆ ಗಾಜ ಚುಚ್ಚಿಲ್ಲ ಹೌದಲ್ರಿ?” ಎಂದುಬಿಟ್ಟಳು ಸಾವಂತ್ರಿ. ಸಿಟ್ಟು ಬರಲೇ ಇಲ್ಲ.

ಗಂಗೂ ಒದ್ದೆ ಚಾದರ ಹೊದ್ದು ಅವ್ವನ ಎದುರು ಬಂದು ಕುಳಿತಳು. “ಯವ್ವಾ, ನನ್ನ ಬೈ. ಗಣಿತದ ಪೇಪರಿಗೆ ನಿನ್ನ ಸಹಿ ನಾನ ಹಾಕೀನಿ.”

“ಎಷ್ಟ ಸಲ?”

“ಆರ ಸಲ. ಅಪ್ಪಗ ಗೊತ್ತೈತಿ.”

ಚಾದರದಿಂದ ಹಬೆ ಏಳತೊಡಗಿತು.

ಸಂಜೆಯೊಳಗೆ ಒಂಬತ್ತು ಮರಿಗಳು ಹೊರಬಂದವು. ಮಗಳಿಗೆ ಕೊಟ್ಟ ಮಾತನ್ನು ಸಾವಂತ್ರಿ ಮುರಿದಿದ್ದಳು.